ಪಾಷಾಣ ತಿನ್ನುವ ಬ್ಯಾಕ್ಟೀರಿಯಾ, ತಿಂದದ್ದನ್ನು ಎಲ್ಲಿ ಹಾಕುತ್ತವೆ?

ಕೊಳವೆಬಾವಿ ನೀರಿನ ಬಗ್ಗೆ ಹಿಂದೊಮ್ಮೆ ಬರೆದಾಗ "ಆರ್ಸೆನಿಕ್ (ಪಾಷಾಣ) ಇದ್ದ ಕಡೆಯೂ ಬ್ಯಾಕ್ಟೀರಿಯಾ ಆರಾಮಾಗಿ ಬದುಕುತ್ತವೆ" ಅಂತ ಒಂದು ಸಾಲು ಬರೆದು ಮುಂದೆ ಹೋಗಿದ್ದೆ. ಆ ಒಂದು ಸಾಲನ್ನು ಹಿಡಿದುಕೊಂಡು ತುಂಬಾ ಜನ ಪ್ರಶ್ನೆ ಕಳಿಸಿದ್ದೀರಿ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಹೆಸರು ಬೇಡ ಅಂತ ಕೆಲವರು ಕೇಳಿದ್ದರಿಂದ ಎಲ್ಲರದ್ದೂ ಊರು ಮಾತ್ರ ಹಾಕಿದ್ದೇನೆ.

ಸರ್, ನಮ್ಮದು ಹಟ್ಟಿ ಚಿನ್ನದ ಗಣಿಗೆ ಹತ್ತಿರದ ಊರು. ಆರ್ಸೆನಿಕ್ ತಿಂದು ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾ ಇದೆ ಅಂತ ಮೊಬೈಲಿಗೆ ಒಂದು ವಿಡಿಯೊ ಬಂದಿತ್ತು. ನಿಜವಾಗಲೂ ತಿಂದು ಮುಗಿಸುತ್ತವಾ? (ಲಿಂಗಸುಗೂರು)

ಮುಗಿಸುವುದಿಲ್ಲ. ಯಾವ ಬ್ಯಾಕ್ಟೀರಿಯಾಗೂ ಅದು ಆಗದ ಕೆಲಸ. ಸಮುದ್ರಕ್ಕೆ ಚೆಲ್ಲಿದ ಎಣ್ಣೆಯನ್ನು ಬ್ಯಾಕ್ಟೀರಿಯಾ ತಿನ್ನುತ್ತವೆ ಅಂದರೆ ಒಪ್ಪಬಹುದು, ಯಾಕಂದರೆ ಎಣ್ಣೆಯ ಇಂಗಾಲದ ಸರಪಳಿ ಮುರಿದು ಕೊನೆಗೆ ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಆಗಿ ಹೋಗುತ್ತದೆ. ಆರ್ಸೆನಿಕ್ ಮೂಲಧಾತು. ಮುರಿಯಲು ಅದರಲ್ಲಿ ಏನೂ ಇಲ್ಲ. ನೂರು ಪರಮಾಣು ಒಳಗೆ ಹೋದರೆ ನೂರೂ ಎಲ್ಲೋ ಒಂದು ಕಡೆ ಇರಲೇಬೇಕು. ಬ್ಯಾಕ್ಟೀರಿಯಾ ಮಾಡುವುದು ಒಂದೇ: ರೂಪ ಬದಲಿಸುವುದು. ಆದರೆ ಈ "ಒಂದೇ" ಸಣ್ಣದಲ್ಲ. ಆರ್ಸೆನಿಕ್ ಮಣ್ಣಿಗೆ ಅಂಟಿಕೊಂಡು ಕೂರುತ್ತದೋ, ನಿಮ್ಮ ಲೋಟಕ್ಕೆ ಬರುತ್ತದೋ ಅನ್ನುವುದು ಆ ರೂಪದ ಮೇಲೇ ನಿಂತಿದೆ.

ಎರಡು ರೂಪ ನೆನಪಿಟ್ಟುಕೊಂಡರೆ ಸಾಕು. ಆಕ್ಸಿಜನ್ ಚೆನ್ನಾಗಿ ಸಿಗುವ ಕಡೆ ಇರುವುದು ಆರ್ಸೆನೇಟ್. ಆಕ್ಸಿಜನ್ ಇಲ್ಲದ ಕೆಸರು, ಆಳದ ನೀರು ಇಂಥ ಕಡೆ ಇರುವುದು ಆರ್ಸೆನೈಟ್. ಎರಡೂ ವಿಷವೇ, ಆರ್ಸೆನೈಟ್ ಜಾಸ್ತಿ ವಿಷ.

ಇನ್ನು ಇವು ಒಳಗೆ ಹೋಗುವ ಬಗೆ. ಆರ್ಸೆನಿಕ್‌ಗೆ ಅಂತ ಯಾವ ಜೀವಕೋಶವೂ ಬಾಗಿಲು ಇಟ್ಟಿಲ್ಲ. ಆದರೆ ಆರ್ಸೆನೇಟ್ ನೋಡಲು ಥೇಟ್ ಫಾಸ್ಫೇಟ್ ಥರ ಇರುತ್ತದೆ. ಡಿಎನ್‌ಎಗೆ ಫಾಸ್ಫೇಟ್ ಬೇಕು, ಶಕ್ತಿ ಕೂಡಿಡುವ ಎಟಿಪಿಗೂ ಬೇಕು, ಬಾಗಿಲು ತೆರೆದಿಡದೆ ವಿಧಿಯಿಲ್ಲ. ನಮ್ಮ ಕರುಳಲ್ಲೇ ಇರುವ ಇ. ಕೋಲಿ ಬ್ಯಾಕ್ಟೀರಿಯಾ ಫಾಸ್ಫೇಟ್‌ಗೆ ಎರಡು ಬಾಗಿಲು ಇಟ್ಟುಕೊಂಡಿದೆ, ಹೆಸರು ಪಿಟ್ ಮತ್ತು ಪಿಎಸ್‌ಟಿ. ಪಿಎಸ್‌ಟಿ ಸ್ವಲ್ಪ ಮುಖ ನೋಡಿ ಬಿಡುತ್ತದೆ. ಪಿಟ್ ಮಾತ್ರ ಮದುವೆ ಮನೆಯ ಊಟದ ಪಂಕ್ತಿ ಇದ್ದಂತೆ, ಹೆಣ್ಣಿನ ಕಡೆಯವರಾ ಗಂಡಿನ ಕಡೆಯವರಾ ಅಂತ ಯಾರೂ ಕೇಳುವುದಿಲ್ಲ. ಆರ್ಸೆನೇಟ್ ಅಲ್ಲೇ ನುಗ್ಗುತ್ತದೆ.

ಆರ್ಸೆನೈಟ್‌ನ ದಾರಿ ಬೇರೆ. ಸಾಮಾನ್ಯ ನೀರಿನಲ್ಲಿ ಅದಕ್ಕೆ ವಿದ್ಯುದಂಶವೇ ಇಲ್ಲ, ಆಕಾರ ಗ್ಲಿಸರಾಲ್‌ಗೆ ಹತ್ತಿರ. ಗ್ಲಿಸರಾಲ್ ಒಳಬಿಡುವ ಒಂದು ನಳಿಗೆ ಇದೆ, ಜಿಎಲ್‌ಪಿಎಫ್ ಅಂತ. ಇದು ಗೊತ್ತಾದದ್ದು ಆರ್ಸೆನಿಕ್‌ನ ಸಂಬಂಧಿ ಧಾತುವಾದ ಆಂಟಿಮನಿಯಿಂದ. ಅಮೆರಿಕದ ಬ್ಯಾರಿ ರೋಸೆನ್ ಅವರ ತಂಡ ಆಂಟಿಮನಿ ಹಾಕಿದರೂ ಸಾಯದ ಇ. ಕೋಲಿಗಳನ್ನು ಆರಿಸಿ ತೆಗೆದು, ಅವುಗಳಲ್ಲಿ ಏನು ಕೆಟ್ಟಿದೆ ಅಂತ ಹುಡುಕಿದಾಗ ಸಿಕ್ಕಿದ್ದು ಈ ಗ್ಲಿಸರಾಲ್ ನಳಿಗೆ. ಬಾಗಿಲು ಕೆಟ್ಟಿದ್ದಕ್ಕೇ ಅವು ಬದುಕಿದ್ದವು! ಈ ಪ್ರಬಂಧ ಬಂದದ್ದು 1997ರಲ್ಲಿ. ಆರ್ಸೆನೈಟ್ ಕೂಡ ಅದೇ ದಾರಿ ಹಿಡಿಯುತ್ತದೆ ಅನ್ನುವುದು ಆಮೇಲೆ ಖಚಿತವಾಯಿತು.

ಒಳಗೆ ಹೋದ ಮೇಲೆ ಎರಡರ ಪುಂಡಾಟವೂ ಬೇರೆ ಬೇರೆ. ಆರ್ಸೆನೇಟ್ ಫಾಸ್ಫೇಟ್‌ನ ಜಾಗದಲ್ಲಿ ಕೂತುಬಿಡುತ್ತದೆ, ಆದರೆ ಅದರ ಬೆಸುಗೆ ನಿಲ್ಲುವುದಿಲ್ಲ, ಕ್ಷಣದಲ್ಲಿ ಬಿಚ್ಚಿಹೋಗುತ್ತದೆ, ಮಾಡಿಟ್ಟ ಶಕ್ತಿ ಸುಮ್ನೆ ಸೋರಿಹೋಗುತ್ತದೆ. ಆರ್ಸೆನೈಟ್ ಕಿಣ್ವಗಳಲ್ಲಿರುವ ಗಂಧಕವನ್ನು ಕಚ್ಚಿ ಹಿಡಿದು ಬಿಡುವುದೇ ಇಲ್ಲ, ಕಿಣ್ವ ಕೆಲಸ ನಿಲ್ಲಿಸುತ್ತದೆ.

ನಿಮ್ಮ ಕಡೆಯ ಮಾತಿಗೆ ಬರುತ್ತೇನೆ. ಚಿನ್ನದ ಅದಿರಿನ ಜೊತೆ ಆರ್ಸೆನೋಪೈರೈಟ್ ಅನ್ನುವ ಖನಿಜ ಸಾಮಾನ್ಯ. ಬೆಳ್ಳಿ ಬಣ್ಣದ ಕಲ್ಲು, ಸುತ್ತಿಗೆಯಿಂದ ಹೊಡೆದರೆ ಬೆಳ್ಳುಳ್ಳಿ ವಾಸನೆ ಬರುತ್ತದೆ. ಅದರ ಹೊಟ್ಟೆಯಲ್ಲಿ ಸಿಕ್ಕಿಹಾಕಿಕೊಂಡ ಚಿನ್ನ ಸುಲಭಕ್ಕೆ ಕೈಗೆ ಬರುವುದಿಲ್ಲ. ಅದನ್ನು ಬಿಡಿಸಲು ಕಬ್ಬಿಣ, ಗಂಧಕ ತಿಂದು ಬದುಕುವ ಬ್ಯಾಕ್ಟೀರಿಯಾಗಳನ್ನು ಬಳಸುತ್ತಾರೆ. ದಕ್ಷಿಣ ಆಫ್ರಿಕಾದ ಫೇರ್‌ವ್ಯೂ ಗಣಿಯಲ್ಲಿ 1986ರಿಂದಲೇ ಈ ಕೆಲಸ ನಡೆದಿದೆ. ನಮ್ಮಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ಎ. ನಟರಾಜನ್ ಅವರು ಗಣಿ ಬ್ಯಾಕ್ಟೀರಿಯಾಗಳ ಮೇಲೆ ವರ್ಷಾನುಗಟ್ಟಲೆ ಕೆಲಸ ಮಾಡಿದ್ದಾರೆ. ಅಲ್ಲಿಯೂ ಆರ್ಸೆನಿಕ್ ಮಾಯವಾಗುವುದಿಲ್ಲ, ಆಮ್ಲದ ನೀರಿಗೆ ಇಳಿಯುತ್ತದೆ, ಆಮೇಲೆ ಸುಣ್ಣ ಹಾಕಿ ಕಬ್ಬಿಣದ ಜೊತೆ ಗಟ್ಟಿ ಮಾಡಿ ಕೂರಿಸಬೇಕು. ವಿಡಿಯೊದವರಿಗೆ ನೀವು ಕೇಳಬೇಕಾದ ಪ್ರಶ್ನೆಯೂ ಇದೇ: ತಿಂದ ಮೇಲೆ ಯಾವ ರೂಪ ಮಾಡಿತು, ಎಲ್ಲಿ ಹಾಕಿತು?

ನಮ್ಮ ಪಠ್ಯದಲ್ಲಿ ಬ್ಯಾಕ್ಟೀರಿಯಾ ಆರ್ಸೆನೇಟನ್ನು ಆರ್ಸೆನೈಟ್ ಮಾಡಿ ಹೊರಹಾಕುತ್ತದೆ ಅಂತ ಇದೆ. ಕಮ್ಮಿ ವಿಷವನ್ನು ಜಾಸ್ತಿ ವಿಷ ಮಾಡಿಕೊಳ್ಳುವುದು ಹುಚ್ಚುತನ ಅಲ್ವಾ? ಪರೀಕ್ಷೆಗೆ ಬರೆದೆ, ಅರ್ಥ ಆಗಲಿಲ್ಲ. (ಮೈಸೂರು)

ಭಲೇ! ಈ ಕಂತೆಯಲ್ಲಿ ನನಗೆ ತುಂಬಾ ಇಷ್ಟವಾದ ಪ್ರಶ್ನೆ. ಪರೀಕ್ಷೆಗೆ ಬರೆದು ಅಷ್ಟಕ್ಕೇ ಬಿಡದೆ ಕೇಳಿದ್ದೀರಲ್ಲ, ಅದೇ ಖುಷಿ.

ಮೊದಲು ಏನೇನಿದೆ ನೋಡೋಣ. ಆರ್ಸ್ ಅನ್ನುವ ಜೀನ್‌ಗಳ ಗುಂಪು ಬಹುಪಾಲು ಬ್ಯಾಕ್ಟೀರಿಯಾಗಳಲ್ಲಿ ಇದೆ. ಆರ್ಸೆನಿಕ್ಕನ್ನೇ ಕಾಣದ ಇ. ಕೋಲಿಯಲ್ಲೂ ಇದೆ. ಅದರಲ್ಲಿ ಆರ್ಸ್‌ಆರ್ ಕಾವಲುಗಾರ, ಉಳಿದ ಜೀನ್‌ಗಳ ಮೇಲೆ ಕೂತು ಸುಮ್ಮನಿರಿಸುತ್ತದೆ. ಆರ್ಸೆನೈಟ್ ಬಂದು ಅದಕ್ಕೆ ಅಂಟಿದ ತಕ್ಷಣ ಅದು ಡಿಎನ್‌ಎಯಿಂದ ಕಳಚಿಕೊಳ್ಳುತ್ತದೆ, ಜೀನ್‌ಗಳು ಎಚ್ಚರವಾಗುತ್ತವೆ. ಆರ್ಸ್‌ಸಿ ಆರ್ಸೆನೇಟನ್ನು ಆರ್ಸೆನೈಟ್ ಮಾಡುತ್ತದೆ. ಆರ್ಸ್‌ಬಿ ಅನ್ನುವ ಪಂಪು ಆರ್ಸೆನೈಟನ್ನು ಹೊರಕ್ಕೆ ತಳ್ಳುತ್ತದೆ. ಕೆಲವದರಲ್ಲಿ ಆರ್ಸ್‌ಎ ಅಂತ ಇನ್ನೊಂದು ಇದ್ದು, ಎಟಿಪಿ ಖರ್ಚು ಮಾಡಿ ಪಂಪಿಗೆ ಜೋರು ಕೊಡುತ್ತದೆ.

ಗುಟ್ಟು ಪಂಪಿನಲ್ಲಿದೆ. ಅದು ಆರ್ಸೆನೈಟನ್ನು ಮಾತ್ರ ಗುರುತಿಸುತ್ತದೆ. ಆರ್ಸೆನೇಟನ್ನು ಹೊರಹಾಕುವ ಪಂಪು ಇದ್ದಿದ್ದರೆ ಏನಾಗುತ್ತಿತ್ತು ಯೋಚಿಸಿ. ಆರ್ಸೆನೇಟ್‌ಗೂ ಫಾಸ್ಫೇಟ್‌ಗೂ ವ್ಯತ್ಯಾಸ ಕಮ್ಮಿ, ಒಳಗೆ ಫಾಸ್ಫೇಟ್ ತುಂಬಿಕೊಂಡಿದೆ. ವಿಷದ ಜೊತೆ ಅನ್ನವನ್ನೂ ಹೊರಗೆಸೆದ ಹಾಗೆ ಆಗುತ್ತಿತ್ತು. ಹಾಗಾಗಿ ಮೊದಲು ಫಾಸ್ಫೇಟ್ ಥರ ಕಾಣದ ರೂಪಕ್ಕೆ ತಂದು, ಆಮೇಲೆ ಎತ್ತಿ ಹೊರಗೆ ಹಾಕುವುದು.

ಇನ್ನೊಂದು ಕಾರಣ ಹಳೆಯದು, ಭೂಮಿಯಷ್ಟೇ ಹಳೆಯದು ಅನ್ನಿ. ಸುಮಾರು 240 ಕೋಟಿ ವರ್ಷಗಳ ಹಿಂದಿನವರೆಗೆ ಗಾಳಿಯಲ್ಲಿ ಆಕ್ಸಿಜನ್ ಇರಲೇ ಇಲ್ಲ ಅನ್ನಬಹುದು. ಆಗ ನೀರಿನಲ್ಲಿದ್ದದ್ದು ಹೆಚ್ಚಾಗಿ ಆರ್ಸೆನೈಟ್. ಪಂಪು ಹುಟ್ಟಿದ್ದು ಅದಕ್ಕೆ. ಆಮೇಲೆ ಆಕ್ಸಿಜನ್ ಬಂತು, ಆರ್ಸೆನೇಟ್ ಜಾಸ್ತಿಯಾಯಿತು. ಹೊಸ ಪಂಪು ಕಟ್ಟುವ ಬದಲು ಹಳೆ ಪಂಪಿಗೆ ಒಪ್ಪುವ ಹಾಗೆ ಆರ್ಸೆನೇಟನ್ನೇ ಬದಲಿಸುವ ಕಿಣ್ವ ಸೇರಿಕೊಂಡಿತು, ಅದೂ ಬೇರೆ ಬೇರೆ ಗುಂಪುಗಳಲ್ಲಿ ಬೇರೆ ಬೇರೆ ಪ್ರೋಟೀನ್‌ಗಳಿಂದ ಪ್ರತ್ಯೇಕವಾಗಿ. ಇದು ವಿಕಾಸದ ಲೆಕ್ಕಾಚಾರ, ಯಾರೂ ಕಣ್ಣಾರೆ ಕಂಡದ್ದಲ್ಲ. ಆದರೆ ಈ ಹುಚ್ಚುತನಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗಂತೂ ಸಿಕ್ಕಿಲ್ಲ.

ಅಂದಹಾಗೆ, ಆ ಕಾವಲುಗಾರ ಆರ್ಸ್‌ಆರ್‌ಗೆ ಬೆಳಕು ಬೀರುವ ಜೀನ್ ಜೋಡಿಸಿ, ನೀರಿನಲ್ಲಿ ಆರ್ಸೆನಿಕ್ ಇದ್ದರೆ ಮಿನುಗುವ ಇ. ಕೋಲಿಗಳನ್ನು ಸ್ವಿಟ್ಜರ್ಲೆಂಡಿನವರು ಮಾಡಿದ್ದಾರೆ. ವಿಯೆಟ್ನಾಂನ ಕೊಳವೆಬಾವಿ ನೀರಿನ ಮೇಲೆ ಅದನ್ನು ಪರೀಕ್ಷಿಸಿಯೂ ನೋಡಿದ್ದಾರೆ.

ನಾವು ಕೆಲಸದ ಮೇಲೆ ಕೋಲ್ಕತ್ತಾಗೆ ಬಂದು ನೆಲೆಸಿದವರು. ಇಲ್ಲಿ ಹಳ್ಳಿಗಳ ಕಡೆ ಆರ್ಸೆನಿಕ್ ಇರುವ ಕೈಪಂಪಿಗೆ ಕೆಂಪು ಬಣ್ಣ ಬಳಿದಿರುತ್ತಾರೆ. ಇಲ್ಲಿ ಗಣಿಯೂ ಇಲ್ಲ, ಕಾರ್ಖಾನೆಯೂ ಇಲ್ಲ. ಆರ್ಸೆನಿಕ್ ಎಲ್ಲಿಂದ ಬಂತು? (ಕೋಲ್ಕತ್ತಾ)

ಹಿಮಾಲಯದಿಂದ. ಗಂಗೆ, ಬ್ರಹ್ಮಪುತ್ರ ಸಾವಿರಾರು ವರ್ಷ ಹೊತ್ತು ತಂದ ಮಣ್ಣಿನ ಕಣಗಳ ಮೇಲೆ ಕಬ್ಬಿಣದ ತುಕ್ಕಿನ ಪದರ ಇರುತ್ತದೆ, ಆ ತುಕ್ಕಿಗೆ ಆರ್ಸೆನಿಕ್ ಅಂಟಿಕೊಂಡು ಬಂದಿದೆ. ಅಂಟಿಕೊಂಡೇ ಇದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಡೆಲ್ಟಾದ ಕೆಸರಿನಲ್ಲಿ ಕೊಳೆತ ಗಿಡಗಂಟಿ ಬೇಕಾದಷ್ಟು, ಆಕ್ಸಿಜನ್ ಇಲ್ಲ. ಅಂಥ ಕಡೆ ಕೆಲವು ಬ್ಯಾಕ್ಟೀರಿಯಾ ಆಕ್ಸಿಜನ್ ಬದಲು ಆ ತುಕ್ಕನ್ನೇ ಉಸಿರಾಡುತ್ತವೆ. ತುಕ್ಕು ಕರಗುತ್ತದೆ, ಅದಕ್ಕೆ ಅಂಟಿದ್ದದ್ದು ನೀರಿಗೆ ಬೀಳುತ್ತದೆ.

ಇದನ್ನು ತೋರಿಸಿದ ಪ್ರಯೋಗ ಬಹಳ ಸರಳ. ಮ್ಯಾಂಚೆಸ್ಟರಿನ ಜೊನಾಥನ್ ಲಾಯ್ಡ್ ಮತ್ತು ಜೊತೆಗಾರರು ಪಶ್ಚಿಮ ಬಂಗಾಳದ ಮಣ್ಣನ್ನು ಗಾಳಿಯಾಡದ ಬಾಟಲಿಗಳಲ್ಲಿ ಇಟ್ಟು, ಕೆಲವಕ್ಕೆ ಬ್ಯಾಕ್ಟೀರಿಯಾಗೆ ಆಹಾರವಾಗಿ ಅಸಿಟೇಟ್ ಹಾಕಿದರು. ಆಹಾರ ಹಾಕಿದ ಬಾಟಲಿಗಳಲ್ಲಿ ಮೊದಲು ಕಬ್ಬಿಣದ ರೂಪ ಬದಲಾಯಿತು. ಅದಾದ ಮೇಲೆ ಆರ್ಸೆನಿಕ್ ನೀರಿಗೆ ಬಂತು, ಎರಡೂ ಒಟ್ಟಿಗೇ ಅಲ್ಲ. ಅಂದರೆ ಕಬ್ಬಿಣ ಮುಗಿದ ಮೇಲೆ ಆರ್ಸೆನೇಟನ್ನೇ ಉಸಿರಾಡಲು ಶುರು ಮಾಡಿದವೂ ಅದರಲ್ಲಿ ಇದ್ದಿರಬೇಕು. 2004ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಕೆಲಸ ಇದು. ಆರ್ಸೆನೇಟನ್ನೇ ಉಸಿರಾಡಿ ಬೆಳೆಯುವ ಬ್ಯಾಕ್ಟೀರಿಯಾ ಇದೆ ಅಂತ ಜಗತ್ತಿಗೆ ಗೊತ್ತಾಗಿದ್ದೇ 1994ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್‌ನ ಒಂದು ಕಲುಷಿತ ಹೊಳೆಯ ಕೆಸರಿನಿಂದ.

ಕೆರೆ ನೀರು ಕುಡಿದು ವಾಂತಿಭೇದಿಯಿಂದ ಮಕ್ಕಳು ಸಾಯುವುದನ್ನು ತಪ್ಪಿಸಲು ಅಲ್ಲಿ ಕೊಳವೆಬಾವಿ ಕೊರೆಸಿದ್ದು. ಆಗ ಯಾರೂ ಆರ್ಸೆನಿಕ್ ಇದೆಯಾ ಅಂತ ನೋಡಲಿಲ್ಲ. 1980ರ ದಶಕದ ಶುರುವಿನಲ್ಲಿ ಕೋಲ್ಕತ್ತಾದ ಚರ್ಮವೈದ್ಯ ಕೆ. ಸಿ. ಸಾಹಾ ಅಂಗೈ ಅಂಗಾಲು ಗಂಟು ಕಟ್ಟಿ, ಮೈಮೇಲೆ ಕಪ್ಪು ಚುಕ್ಕೆ ಎದ್ದವರನ್ನು ನೋಡಿ ಇದು ಆರ್ಸೆನಿಕ್ ಅಂತ ಗುರುತಿಸಿದರು. ಮುಂದೆ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಊರೂರು ಸುತ್ತಿ ನೀರು ಅಳೆದರು. ಅವರದೇ ತಂಡ ನಮ್ಮ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿಗೂ ಬಂದಿತ್ತು. ಹಳೆ ಮಂಗಳೂರು ಚಿನ್ನದ ಗಣಿಯ ಪ್ರದೇಶದ ಕಿರದಳ್ಳಿ ತಾಂಡಾದಲ್ಲಿ ಜನರ ಮೈಮೇಲೆ ಅದೇ ಗುರುತು ಕಂಡದ್ದನ್ನು 2013ರ ಪ್ರಬಂಧದಲ್ಲಿ ಬರೆದಿದ್ದಾರೆ. (ಈ ಮಂಗಳೂರು ಕಡಲ ತೀರದ್ದಲ್ಲ, ಯಾದಗಿರಿ ಕಡೆಯದು.) ಅಲ್ಲಿ ಮೂಲ ಬಂಗಾಳದ ಥರ ನದಿ ಮಣ್ಣಲ್ಲ, ಚಿನ್ನದ ಜೊತೆಗಿರುವ ಕಲ್ಲು.

ನಾನು ಪಶುವೈದ್ಯ. ಹಳೆಯ ಪುಸ್ತಕವೊಂದರಲ್ಲಿ ದನದ ಉಣ್ಣೆಹುಳ ಸಾಯಿಸಲು ಇಟ್ಟ ಆರ್ಸೆನಿಕ್ ತೊಟ್ಟಿ ಕೆಲವು ಸಲ ತಾನಾಗೇ "ಸಪ್ಪೆ" ಆಗುತ್ತಿತ್ತು ಅಂತ ಓದಿದೆ. ಹೇಗೆ? (ಹಾಸನ)

ಇದು ದಕ್ಷಿಣ ಆಫ್ರಿಕಾದ ಕಥೆ. ಅಲ್ಲಿ ದನಗಳ ಮೈಯ ಉಣ್ಣೆ ಸಾಯಿಸಲು ಸೋಡಿಯಂ ಆರ್ಸೆನೈಟ್ ಕರಗಿಸಿದ ದೊಡ್ಡ ತೊಟ್ಟಿಯಲ್ಲಿ ದನಗಳನ್ನು ಈಜಿಸಿ ದಾಟಿಸುತ್ತಿದ್ದರು. ಸಗಣಿ, ಗಂಜಲ, ಕೂದಲು ಎಲ್ಲ ಅದೇ ನೀರಿಗೆ. ದಿನ ಕಳೆದಂತೆ ತೊಟ್ಟಿಯ ಜೋರು ಕಮ್ಮಿಯಾಗುತ್ತಿತ್ತು, ಮದ್ದು ಮಾರಿದವನು ಮೋಸ ಮಾಡಿದ ಅಂತ ಅನುಮಾನ ಬರುವುದೂ ಸಹಜವೇ. 1918ರಲ್ಲಿ ಎಚ್. ಎಚ್. ಗ್ರೀನ್ ಅನ್ನುವವರು ಅಂಥ ತೊಟ್ಟಿಯಿಂದ ಎರಡು ಬ್ಯಾಕ್ಟೀರಿಯಾ ಬೇರ್ಪಡಿಸಿದರು. ಒಂದು ಆರ್ಸೆನೈಟನ್ನು ಆರ್ಸೆನೇಟ್ ಮಾಡುವುದು, ಇನ್ನೊಂದು ಅದರ ಉಲ್ಟಾ. ಎರಡೂ ಒಂದೇ ತೊಟ್ಟಿಯಲ್ಲಿ!

ಮೊದಲನೆಯದರ ಮಹತ್ವ ಜನರಿಗೆ ಗೊತ್ತಾದದ್ದು ಬಹಳ ತಡವಾಗಿ. ಕೆಲವು ಬ್ಯಾಕ್ಟೀರಿಯಾ ಈ ಬದಲಾವಣೆಯಿಂದ ಬರುವ ಶಕ್ತಿಯಲ್ಲೇ ಜೀವನ ಮಾಡುತ್ತವೆ. ಆಸ್ಟ್ರೇಲಿಯಾದ ಚಿನ್ನದ ಗಣಿಯೊಂದರಲ್ಲಿ ಸಿಕ್ಕಿದ ಎನ್‌ಟಿ-26 ಅನ್ನುವುದಕ್ಕೆ ಆರ್ಸೆನೈಟ್, ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ಇಷ್ಟಿದ್ದರೆ ಸಾಕು. ನಮಗೆ ಉಪಯೋಗಕ್ಕೆ ಬರುವವು ಇಂಥವೇ. ಯಾಕೆಂದರೆ ವಿದ್ಯುದಂಶ ಇಲ್ಲದ ಆರ್ಸೆನೈಟ್ ಫಿಲ್ಟರಿನಿಂದ ನುಣುಚಿಕೊಳ್ಳುತ್ತದೆ, ಆರ್ಸೆನೇಟ್ ಆದರೆ ಕಬ್ಬಿಣದ ತುಕ್ಕಿಗೆ ಗಟ್ಟಿಯಾಗಿ ಅಂಟುತ್ತದೆ.

ಗ್ಯಾಸ್ ಮಾಡಿ ಗಾಳಿಗೆ ಬಿಡುವ ಸೂಕ್ಷ್ಮಜೀವಿಗಳೂ ಇವೆಯಂತೆ. ಹಾಗಾದರೆ ನೀರಿನ ಸಮಸ್ಯೆ ಮುಗೀತಲ್ಲ? (ಧಾರವಾಡ)

ಇವೆ. ಆರ್ಸ್‌ಎಂ ಅನ್ನುವ ಕಿಣ್ವ ಆರ್ಸೆನಿಕ್‌ಗೆ ಒಂದೊಂದಾಗಿ ಮೀಥೈಲ್ ಗುಂಪು (ಒಂದು ಇಂಗಾಲ, ಮೂರು ಹೈಡ್ರೋಜನ್) ಜೋಡಿಸುತ್ತದೆ, ಮೂರು ಜೋಡಿಸಿದರೆ ಬೆಳ್ಳುಳ್ಳಿ ವಾಸನೆಯ ಅನಿಲ. ಇದರ ಪತ್ತೆಗೆ ಕಾರಣವಾದದ್ದು ಬ್ಯಾಕ್ಟೀರಿಯಾ ಅಲ್ಲ, ಬೂಷ್ಟು. ಯುರೋಪಿನಲ್ಲಿ ಹಿಂದೆ ಆರ್ಸೆನಿಕ್ ಇರುವ ಹಸಿರು ಬಣ್ಣ ಬಳಿದ ಗೋಡೆಕಾಗದ ಅಂಟಿಸುತ್ತಿದ್ದರು. ಥಂಡಿ ಹಿಡಿದ ಕೋಣೆಗಳಲ್ಲಿ ಅದರ ಮೇಲೆ ಬೂಷ್ಟು ಬೆಳೆದು ವಾಸನೆ ಬರುತ್ತಿತ್ತು, ಜನ ಕಾಯಿಲೆ ಬೀಳುತ್ತಿದ್ದರು. 1890ರ ದಶಕದಲ್ಲಿ ಇಟಲಿಯ ಬಾರ್ತೊಲೊಮಿಯೊ ಗೋಸಿಯೊ ಇದು ಬೂಷ್ಟು ಬಿಡುವ ಅನಿಲ ಅಂತ ತೋರಿಸಿದರು, ಅದು ಟ್ರೈಮೀಥೈಲ್ ಆರ್ಸೈನ್ ಅಂತ ಇಂಗ್ಲೆಂಡಿನ ಲೀಡ್ಸ್‌ನ ಫ್ರೆಡರಿಕ್ ಚಾಲೆಂಜರ್ 1930ರ ದಶಕದಲ್ಲಿ ಹೇಳಿದರು.

ಸಮಸ್ಯೆ ಮುಗೀತಾ? ಗಾಳಿಗೆ ಹೋದದ್ದು ಆಕ್ಸಿಜನ್ ಜೊತೆ ಸೇರಿ ಮತ್ತೆ ಮಳೆಯಲ್ಲಿ, ದೂಳಿನಲ್ಲಿ ಕೆಳಗೆ ಇಳಿಯುತ್ತದೆ. ಇನ್ನೊಂದು ವಿಚಾರ, ನಡುದಾರಿಯಲ್ಲಿ ಒಂದೇ ಮೀಥೈಲ್ ಅಂಟಿದ ಒಂದು ರೂಪ ಆರ್ಸೆನೈಟ್‌ಗಿಂತಲೂ ಕೆಟ್ಟ ವಿಷ. ಅದನ್ನು ಪಕ್ಕದ ಬ್ಯಾಕ್ಟೀರಿಯಾಗಳ ಮೇಲೆ ಆಯುಧವಾಗಿ ಬಳಸುವವೂ ಇವೆ ಅಂತ ಈಗ ಹೇಳುತ್ತಾರೆ. ಜಪಾನಿನಲ್ಲಿ ಭತ್ತದ ಬೇರಿನ ಬಳಿ ಸಿಕ್ಕಿದ ಒಂದು ಬ್ಯಾಕ್ಟೀರಿಯಾ ಆರ್ಸೆನಿಕ್ ಸೇರಿಸಿ ಆರ್ಸಿನೋಥ್ರಿಸಿನ್ ಅನ್ನುವ ಆಂಟಿಬಯೋಟಿಕ್ಕನ್ನೇ ತಯಾರಿಸುತ್ತದೆ. ಪಾಕಡಾ ಜೀವಿಗಳು.

ಇವನ್ನೆಲ್ಲ ಕಣ್ಣಿಂದ ನೋಡಬಹುದಾ? ನಮ್ಮ ಕಾಲೇಜಿನಲ್ಲಿ ದೊಡ್ಡ ಯಂತ್ರ ಏನೂ ಇಲ್ಲ. (ದಾವಣಗೆರೆ)

ನೋಡಬಹುದು, ಆದರೆ ಅಧ್ಯಾಪಕರ ಮುಂದೆ, ಕೈಗವಸು ಹಾಕಿಕೊಂಡು. ಆರ್ಸೆನೈಟ್ ಬೆರೆಸಿದ ಅಗರ್ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಆಮೇಲೆ ಮೇಲೆ ಸಿಲ್ವರ್ ನೈಟ್ರೇಟ್ ದ್ರಾವಣ ಹರಡಿ. ಆರ್ಸೆನೈಟ್ ಇನ್ನೂ ಇರುವ ಕಡೆ ತಟ್ಟೆ ಹಳದಿಗೆ ತಿರುಗುತ್ತದೆ. ಅದನ್ನು ಆರ್ಸೆನೇಟ್ ಮಾಡಿದ ಬ್ಯಾಕ್ಟೀರಿಯಾ ಇದ್ದರೆ ಆ ಕಾಲೊನಿಯ ಸುತ್ತ ಕಂದು ಬಣ್ಣ ಬರುತ್ತದೆ. ಹಳದಿ ನೆಲದಲ್ಲಿ ಕಂದು ಉಂಗುರ, ನೋಡಿದ ಕೂಡಲೇ ತಿಳಿಯುತ್ತದೆ.

ಇದಕ್ಕಿಂತ ಚಂದ ಸೆಲೆನಿಯಂ ಅನ್ನುವ ಇನ್ನೊಂದು ಧಾತು. ಅದರ ಬಣ್ಣವಿಲ್ಲದ, ಕರಗುವ ರೂಪವಾದ ಸೆಲೆನೈಟ್ ಹಾಕಿದ ತಟ್ಟೆಯಲ್ಲಿ ಹಲವು ಬ್ಯಾಕ್ಟೀರಿಯಾಗಳ ಕಾಲೊನಿ ಇಟ್ಟಿಗೆ ಕೆಂಪಾಗುತ್ತದೆ. ಅದು ಬ್ಯಾಕ್ಟೀರಿಯಾದ ಬಣ್ಣವಲ್ಲ, ಕರಗದ ಸೆಲೆನಿಯಂ ಸಣ್ಣ ಸಣ್ಣ ಗುಂಡುಗಳಾಗಿ ಕೂತದ್ದು. ನೀರಿನಲ್ಲಿ ಕರಗದ ಮೇಲೆ ಅದರ ಕಾಟ ಬಹಳ ಕಮ್ಮಿ. ಪಂಜಾಬಿನ ನವಾಂಶಹರ್, ಹೋಶಿಯಾರ್‌ಪುರ ಕಡೆ ಮಣ್ಣಲ್ಲಿ ಸೆಲೆನಿಯಂ ಜಾಸ್ತಿಯಾಗಿ, ಮೇವು ತಿಂದ ದನಗಳ ಗೊರಸು ಬಿರಿಯುವ ಊರುಗಳಿವೆ, ಅಂಥ ಕಡೆಗೆ ಈ ಕೆಂಪು ಮಾಡುವವು ಬೇಕು.

ಟೆಲ್ಯೂರಿಯಂ ಆದರೆ ಕಪ್ಪು. ಟೆಲ್ಯೂರೈಟ್ ಎಷ್ಟು ಕೆಟ್ಟ ವಿಷ ಅಂದರೆ ಒಂದು ಮಿಲಿಲೀಟರಿಗೆ 1 ಮೈಕ್ರೋಗ್ರಾಂ ಇದ್ದರೂ ಇ. ಕೋಲಿ ಏಳುವುದಿಲ್ಲ. ಗಂಟಲಮಾರಿ ತರುವ ಬ್ಯಾಕ್ಟೀರಿಯಾ ಅದನ್ನು ತಡೆದುಕೊಂಡು ಕಪ್ಪು ಕಾಲೊನಿ ಮಾಡುತ್ತದೆ. ಆಸ್ಪತ್ರೆ ಲ್ಯಾಬುಗಳಲ್ಲಿ ಗಂಟಲ ದ್ರವದಿಂದ ಅದನ್ನು ಹಿಡಿಯಲು ಟೆಲ್ಯೂರೈಟ್ ಅಗರ್ ಬಳಸುವುದು ಇದೇ ಕಾರಣಕ್ಕೆ.

ಆರ್ಸೆನಿಕ್ಕಿನಿಂದಲೇ ಡಿಎನ್‌ಎ ಕಟ್ಟಿಕೊಂಡ ಬ್ಯಾಕ್ಟೀರಿಯಾ ಸಿಕ್ಕಿದೆ ಅಂತ ನಾಸಾ ಹೇಳಿತ್ತಲ್ಲ? (ಬೆಂಗಳೂರು)

ಹೇಳಿತ್ತು, 2010ರ ಡಿಸೆಂಬರಿನಲ್ಲಿ, ದೊಡ್ಡ ಪತ್ರಿಕಾಗೋಷ್ಠಿ ಕರೆದು. ಕ್ಯಾಲಿಫೋರ್ನಿಯಾದ ಮೋನೊ ಸರೋವರದ ಜಿಎಫ್‌ಎಜೆ-1 ಅನ್ನುವ ಬ್ಯಾಕ್ಟೀರಿಯಾ. 2012ರಲ್ಲಿ ಎರಡು ಬೇರೆ ತಂಡಗಳು ಪರೀಕ್ಷಿಸಿದಾಗ ಅದಕ್ಕೂ ಫಾಸ್ಫೇಟೇ ಬೇಕು, ಡಿಎನ್‌ಎಯಲ್ಲಿ ಆರ್ಸೆನಿಕ್ ಇಲ್ಲ ಅಂತ ಗೊತ್ತಾಯಿತು. ಅದರ ಫಾಸ್ಫೇಟ್ ಬಾಗಿಲ ಪ್ರೋಟೀನ್ ಆರ್ಸೆನೇಟನ್ನು ಬಿಟ್ಟು ಫಾಸ್ಫೇಟನ್ನೇ ಸಾವಿರಾರು ಪಟ್ಟು ಹೆಚ್ಚು ಆರಿಸಿಕೊಳ್ಳುತ್ತದೆ ಅಂತಲೂ ಅದೇ ವರ್ಷ ಇಸ್ರೇಲಿನವರು ತೋರಿಸಿದರು. ಸೈನ್ಸ್ ಪತ್ರಿಕೆ ಆ ಮೂಲ ಪ್ರಬಂಧವನ್ನು 2025ರ ಜುಲೈನಲ್ಲಿ ಹಿಂತೆಗೆದುಕೊಂಡಿತು, ಬರೆದವರು ಒಪ್ಪಲಿಲ್ಲ. ನನ್ನ ಕೇಳಿದರೆ, ವಿಷದ ಸಾಗರದಲ್ಲಿ ಕೂತು ಫಾಸ್ಫೇಟನ್ನೇ ಹೆಕ್ಕಿ ತೆಗೆಯುವುದು ಆ ಹುಸಿ ಸುದ್ದಿಗಿಂತ ದೊಡ್ಡ ಸುದ್ದಿ.

ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾ ಪುಡಿ ಅಂತ ಪ್ಯಾಕೆಟ್ ಮಾರುತ್ತಿದ್ದಾರೆ. ಬೋರ್‌ವೆಲ್‌ಗೆ ಹಾಕಿದರೆ ಆರ್ಸೆನಿಕ್ ಹೋಗುತ್ತದಾ? ಇಲ್ಲಾಂದ್ರೆ ಕುದಿಸಿದರೆ ಸಾಕಾ? (ಸಿಂಧನೂರು)

ಕುದಿಸುವ ವಿಷಯ ಮೊದಲು. ಕುದಿಸಿದರೆ ವಾಂತಿಭೇದಿಯ ರೋಗಾಣು ಸಾಯುತ್ತವೆ, ಆರ್ಸೆನಿಕ್ ಹಾಗೇ ಇರುತ್ತದೆ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದು ಸ್ವಲ್ಪ ಜಾಸ್ತಿಯೇ ಆಗುತ್ತದೆ.

ಪುಡಿಯನ್ನು ದಯವಿಟ್ಟು ಹಾಕಬೇಡಿ. ಬಂಗಾಳದ ಬಾಟಲಿಗಳ ಪ್ರಯೋಗ ಮೇಲೆ ಬರೆದಿದ್ದೇನಲ್ಲ, ಅದನ್ನೇ ನಿಮ್ಮ ಬೋರ್‌ವೆಲ್ಲಿನಲ್ಲಿ ಮಾಡಿದ ಹಾಗಾಗುತ್ತದೆ. ಇಂಥ ಪುಡಿಗಳಲ್ಲಿ ಬ್ಯಾಕ್ಟೀರಿಯಾ ಜೊತೆ ತೌಡು, ಬೆಲ್ಲ ಇಂಥದ್ದೇನಾದರೂ ಆಹಾರ ಬೆರೆತಿದ್ದರೆ, ಆಳದಲ್ಲಿ ಇರುವಷ್ಟು ಆಕ್ಸಿಜನ್ನೂ ಖರ್ಚಾಗಿ, ತುಕ್ಕು ಉಸಿರಾಡುವವು ಚುರುಕಾಗಿ, ಕಲ್ಲಿಗೆ ಅಂಟಿ ಕೂತ ಆರ್ಸೆನಿಕ್ ನೀರಿಗೆ ಇಳಿಯಬಹುದು. ಬ್ಯಾಕ್ಟೀರಿಯಾದಿಂದ ಆರ್ಸೆನಿಕ್ ತೆಗೆಯುವುದಾದರೆ ಅದು ನೆಲದ ಮೇಲೆ, ಗಾಳಿಯಾಡುವ ಮರಳಿನ ತೊಟ್ಟಿಯಲ್ಲಿ, ಆರ್ಸೆನೇಟ್ ಮಾಡಿಸಿ ಕಬ್ಬಿಣಕ್ಕೆ ಅಂಟಿಸಿ, ಆ ಕಬ್ಬಿಣದ ಕೆಸರನ್ನು ಜೋಪಾನವಾಗಿ ಬೇರೆ ಕಡೆ ಹೂಳುವ ವ್ಯವಸ್ಥೆ ಇದ್ದಾಗ ಮಾತ್ರ.

ನಿಮ್ಮ ನೀರಿನಲ್ಲಿ ಆರ್ಸೆನಿಕ್ ಇದೆಯೋ ಇಲ್ಲವೋ ಅನ್ನುವುದೇ ಇನ್ನೂ ಗೊತ್ತಿಲ್ಲ ಅಲ್ವಾ? ಬಣ್ಣ, ರುಚಿ, ವಾಸನೆ ಯಾವುದರಿಂದಲೂ ಅದು ತಿಳಿಯುವುದಿಲ್ಲ. ಜಿಲ್ಲೆಯ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡುವಾಗ ಬರೀ "ನೀರು ಪರೀಕ್ಷೆ" ಅನ್ನಬೇಡಿ, ಫ್ಲೋರೈಡ್, ಗಡಸುತನ ನೋಡಿ ಚೀಟಿ ಕೊಟ್ಟುಬಿಡಬಹುದು. ಆರ್ಸೆನಿಕ್ ಅಂತಲೇ ಅರ್ಜಿಯಲ್ಲಿ ಬರೆಯಿರಿ. ಲೀಟರಿಗೆ 10 ಮೈಕ್ರೋಗ್ರಾಂಗಿಂತ ಹೆಚ್ಚು ಬಂದರೆ ಆ ಬೋರ್‌ವೆಲ್ಲನ್ನು ಕುಡಿಯಲು, ಅಡುಗೆಗೆ ಬಳಸಬೇಡಿ. ಸ್ನಾನ, ಬಟ್ಟೆಗೆ ನಡೆಯುತ್ತದೆ.